ಯಾಸೀನ ಗಾಡಿಯಿಂದ ಇಳಿಯದ ವರ್ಷ

ಇಂದು ಬೆಳಿಗ್ಗೆ ಕೊಲ್ಲಾಪುರದ ಆಸ್ಪತ್ರೆಯಲ್ಲಿ ಲಿಫ್ಟಿನ ಬಾಗಿಲು ತೆರೆದಾಗ ಒಳಗೆ ನಿಂತಿದ್ದ ಸಜ್ಜನರೊಬ್ಬರಿಗೆ ಕೈಮುಗಿದು ಬಾಗಿದೆ. ಅವರೂ ಅಷ್ಟೇ ವಿನಯದಿಂದ ಬಾಗಿದರು. ಈ ಕಾಲದಲ್ಲೂ ಇಂಥವರು ಇದ್ದಾರಲ್ಲ ಎಂದು ಸಂತೋಷಪಡುವಷ್ಟರಲ್ಲಿ ಹಿಂದಿದ್ದ ನರ್ಸು, "ಕಾಕಾ, ಆರಸಾ ಆಹೆ ತೋ" ಎಂದಳು. ಲಿಫ್ಟಿನ ಹಿಂಗೋಡೆಗೆ ಕನ್ನಡಿ ಕೂಡಿಸಿದ್ದಾರೆ.

ನಗಬೇಡಿ. ಇಚಲಕರಂಜಿಯಲ್ಲಿ ಬಟ್ಟೆ ದಲಾಲಿ ಮಾಡುವವನ ಬೆನ್ನು ಹೀಗೇ ಇರುತ್ತದೆ. ಬೆಳಿಗ್ಗೆ ಮಗ್ಗದ ಮಾಲೀಕರಿಗೆ ಬಾಗಬೇಕು, ಮಧ್ಯಾಹ್ನ ಕೊಳ್ಳಲು ಬಂದ ಪೇಟೆಯವರಿಗೆ ಬಾಗಬೇಕು, ಸಂಜೆ ಇಬ್ಬರೂ ಸೇರಿ ಬೈಯುವಾಗ ಇನ್ನಷ್ಟು ಬಾಗಬೇಕು. ಸಾಲದ್ದಕ್ಕೆ ನಾನು ಹುಟ್ಟಾ ಅಂಜುಬುರುಕ. ಯಾರಿಗೆ ಬಾಗದಿದ್ದರೆ ಏನು ಅನಾಹುತ ಕಾದಿದೆಯೋ ಎಂದು ಒಮ್ಮೆ ಕರೆಂಟಿನ ಮೀಟರು ಓದಲು ಬಂದವನಿಗೂ ಕೈಮುಗಿದಿದ್ದೆ. ಪಾಪ, ಅವನು ಗಾಬರಿಯಾಗಿ ಮೀಟರು ಎರಡು ಸಲ ಓದಿದ.

ಆದರೆ ಈ ಸಲ ಈ ಚಟ ನನ್ನನ್ನು ನಿಜವಾದ ಸಂಕಟಕ್ಕೆ ಹಾಕಿದೆ. ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿದುಕೊಂಡಳು. ಆಪರೇಷನ್ ಮಾಡಿ ಹೊಸ ಕೀಲು ಕೂಡಿಸಿದ್ದಾರೆ. ಅವಳು ಮತ್ತೆ ನಡೆಯುತ್ತಾಳೋ ಇಲ್ಲವೋ ಎಂಬ ಒಂದೇ ಒಂದು ಪ್ರಶ್ನೆ ನಾನು ಡಾಕ್ಟರಿಗೆ ಕೇಳಬೇಕಾಗಿದೆ. ಡಾಕ್ಟರು ಬರುತ್ತಾರೆ, ನಾನು ಬಾಗುತ್ತೇನೆ. ತಲೆ ಎತ್ತುವಷ್ಟರಲ್ಲಿ ಅವರು ಮುಂದಿನ ಮಂಚಕ್ಕೆ ಹೋಗಿರುತ್ತಾರೆ. ಅವರ ಬೂಟು ನನಗೆ ಚೆನ್ನಾಗಿ ಪರಿಚಯವಾಗಿದೆ. ಮುಖ ಇನ್ನೂ ಆಗಿಲ್ಲ. ರಾತ್ರಿಯೆಲ್ಲ ಆ ಪ್ರಶ್ನೆಯನ್ನು ಮರಾಠಿಯಲ್ಲಿ ಜೋಡಿಸಿಕೊಳ್ಳುತ್ತೇನೆ, ಬೆಳಗಾದರೆ ಅದು ಗಂಟಲಲ್ಲೇ ನಮಸ್ಕಾರವಾಗಿ ಹೋಗುತ್ತದೆ. ಉತ್ತರ ಕೆಟ್ಟದಿದ್ದರೆ ಎಂಬ ಭಯವೂ ಅದರೊಳಗೆ ಇದೆಯೆನ್ನಿ.

ಹೀಗೆ ಕಾರಿಡಾರಿನಲ್ಲಿ ಅತ್ತಿಂದಿತ್ತ ಅಲೆಯುತ್ತ ಯಾಸೀನನ ದಾರಿ ಕಾಯುತ್ತಿದ್ದೇನೆ. ಅವನು ಯಾರ ಮುಂದೆಯೂ ಬಾಗುವುದಿಲ್ಲ. ಮೊದಲು ಬಾಗುತ್ತಿದ್ದ, ನಮ್ಮವ್ವನ ಮುಂದಂತೂ ನೆಲಕ್ಕೆ ಹಣೆ ಹಚ್ಚುತ್ತಿದ್ದ. ಅದು ನಿಂತ ಕಥೆಯನ್ನು ನಿಮಗೆ ಹೇಳಬೇಕು. ಹೇಳಿದರೆ ನನಗೂ ಹೊತ್ತು ಹೋಗುತ್ತದೆ.

ಯಾಸೀನ ಮತ್ತು ನಾನು ಗಡಹಿಂಗ್ಲಜದ ಹತ್ತಿರದ ನೂಲದಲ್ಲಿ ಒಂದೇ ಗೋಡೆಯ ಆಚೆ ಈಚೆ ಹುಟ್ಟಿದವರು. ಅವನ ತಾಯಿ ಬಾಣಂತಿತನದಲ್ಲಿ ಜ್ವರ ಬಂದು ಮಲಗಿದಾಗ ಅವ್ವ ಇಬ್ಬರನ್ನೂ ಎರಡು ಬಗಲಿಗೆ ಹಾಕಿಕೊಂಡಳಂತೆ. "ಯಾಸೀನ ಗಪ್ಪನ ಕುಡದು ಮಲಗತಿದ್ದ, ನೀನ ನೋಡು ಆಗಿಂದ ಕಿರಿಕಿರಿ" ಎಂದು ಇವತ್ತಿಗೂ ಹೇಳುತ್ತಾಳೆ. ಮುಂದೆ ಹೊಟ್ಟೆಪಾಡಿಗೆ ಇಬ್ಬರೂ ಇಚಲಕರಂಜಿ ಸೇರಿದೆವು. ನಾನು ದಲಾಲನಾದೆ, ಅವನು ಕಬನೂರಿನಲ್ಲಿ ಮಗ್ಗದ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ ಇಟ್ಟ. ಈದಿಗೆ ಮಸೀದಿಯ ನಮಾಜು ಮುಗಿಸಿ, ದೀಪಾವಳಿ ಪಾಡ್ಯಕ್ಕೆ ಎಣ್ಣೆಸ್ನಾನ ಮಾಡಿ, ಎರಡೂ ಸಲ ನಮ್ಮ ಮನೆಗೆ ಬಂದು ಅವ್ವನ ಕಾಲಿಗೆ ಬೀಳುತ್ತಿದ್ದ. ಅವ್ವ ಅವನ ಬೆನ್ನ ಮೇಲೆ ಒಂದು ಗುದ್ದು ಕೊಟ್ಟು, "ನೂರ ವರ್ಷ ಬದುಕು, ಏಳ" ಎನ್ನುತ್ತಿದ್ದಳು. ಆಶೀರ್ವಾದಕ್ಕೂ ಗುದ್ದಿಗೂ ಅವಳಲ್ಲಿ ಭೇದವಿಲ್ಲ.

ಐವತ್ತು ಸಮೀಪಿಸಿದಾಗ ಯಾಸೀನ ಮಸೀದಿಯಲ್ಲಿ ಮೌಲಾನಾರ ಪಾಠಕ್ಕೆ ಹೋಗತೊಡಗಿದ. ಒಂದು ಸಂಜೆ ಅವನ ಅಂಗಡಿಯಲ್ಲಿ, ಸುಟ್ಟ ತಂತಿಯ ವಾಸನೆಯ ನಡುವೆ ಚಹಾ ಕುಡಿಯುವಾಗ ಹೇಳಿದ. "ಒಂದ ಮಾತ ಐತೆಪಾ. ಸಜ್ದಾ ಅಂದ್ರ ಹಣಿ ನೆಲಕ್ಕ ಹಚ್ಚೂದು, ಅದು ಅಲ್ಲಾಗ ಅಷ್ಟನ. ಪೈಗಂಬರರಿಗೂ ಇಲ್ಲ, ಪೀರಗೂ ಇಲ್ಲ, ತಾಯಿ ತಂದಿಗೂ ಇಲ್ಲ."

ನಾನು ಹುಟ್ಟಾ ದಲಾಲ. ಎರಡು ಪಕ್ಷಗಳಿದ್ದರೆ ನಡುವೆ ಒಂದು ದಾರಿ ಇದ್ದೇ ಇರುತ್ತದೆ ಎಂದು ನಂಬಿದವನು. "ದೇವ್ರಂತ ತಿಳಕೊಂಡು ಅಲ್ಲ, ಬರೇ ಗೌರವಕ್ಕ ಅಂದ್ರ?" ಎಂದೆ.

"ಪೂಜಾ ಅಂತ ಮಾಡಿದ್ರ ಈಮಾನ್ ಹೋತು, ನಂಬಿಕಿನ ಹೋತು. ಗೌರವ ಅಂತ ಮಾಡಿದ್ರ ಈಮಾನ್ ಉಳೀತೈತಿ, ಪಾಪ ಬರತೈತಿ. ಮೊದಲಿನ ಕಾಲದಾಗ ಗೌರವಕ್ಕ ಮಾಡತಿದ್ರಂತ. ಯೂಸುಫ್ ಪೈಗಂಬರರಿಗೆ ಅಣ್ಣತಮ್ಮರು ಮಾಡಿದ್ರು. ಈಗ ಅದೂ ಬಂದ್."

"ಪೂರಾ ನೆಲಕ್ಕ ಬ್ಯಾಡ. ಅರ್ಧ ಬಾಗಿದ್ರ?"

"ಗೆಳ್ಯಾ ಸಿಕ್ಕರ ಬಾಗಬೇಕೇನು ಅಂತ ಪೈಗಂಬರರ್ನ ಒಬ್ಬಾಂವ ಕೇಳಿದ್ನಂತ. ಬ್ಯಾಡ ಅಂದ್ರಂತ. ಕೈ ಹಿಡೀಲೇನು ಅಂದ್ನಂತ. ಹೂಂ ಅಂದ್ರಂತ."

ನಾನು ಬಹಳ ಹೊತ್ತು ಯೋಚಿಸಿ ನನ್ನ ಬಾಳಿನ ಅತ್ಯುತ್ತಮ ದಲಾಲಿಯನ್ನು ಮುಂದಿಟ್ಟೆ. "ನೀ ಹಿಂಗ ಮಾಡು. ಅವ್ವನ ಕಾಲ ಹತ್ರ ಕಿಸೇದಾಗಿನ ಪೆನ್ನ ಬೀಳಿಸು. ಎತ್ತಾಕ ಬಾಗು. ಅಕಿಗೆ ನಮಸ್ಕಾರ ಮುಟ್ಟತೈತಿ, ನೀ ಪೆನ್ನ ಎತ್ತಿದಾಂವ ಆಗತಿ."

ಯಾಸೀನ ಚಹಾದ ಬಸಿಯನ್ನು ಕೆಳಗಿಟ್ಟ. "ಅವ್ವಗೂ ಮೋಸ, ಅಲ್ಲಾಗೂ ಮೋಸ. ಒಂದ ಪೆನ್ನಿಗೆ ಎರಡ ಕೇಸ್ ಹಾಕಸತೀಯಲ್ಲೋ ಮಾರಾಯಾ!"

ಅವನಿಗೆ ನಿಯಮದ ಬಗ್ಗೆ ಅನುಮಾನವಿರಲಿಲ್ಲ. ಅದನ್ನು ಅವ್ವನಿಗೆ ಹೇಳುವ ಧೈರ್ಯವಿರಲಿಲ್ಲ. ಹಾಲುಣಿಸಿದವಳ ಮುಂದೆ ನಿಂತು 'ಇನ್ನು ನಿನ್ನ ಕಾಲಿಗೆ ಬೀಳುವುದಿಲ್ಲ' ಎನ್ನುವುದು ಹೇಗೆ? ಆ ವರ್ಷ ಅವನು ಗಾಡಿಯಿಂದ ಇಳಿಯಲೇ ಇಲ್ಲ. ಬಾಗಿಲ ಮುಂದೆ ಹಾರನ್ ಹೊಡೆದು, ಒಂದು ಕಾಲು ನೆಲಕ್ಕೂರಿ, "ಅವ್ವಾ, ಆರಾಮೇನು?" ಎಂದು ಕೂಗಿ, ಅವಳು ಸೆರಗು ಸರಿಮಾಡಿಕೊಂಡು ಹೊರಬರುವಷ್ಟರಲ್ಲಿ ಹೊರಟುಬಿಡುತ್ತಿದ್ದ. ಈದಿನ ಸೇವೈ ಡಬ್ಬಿಯಲ್ಲಿ ಬಂತು. ಪಾಡ್ಯದ ದಿನ ಅವ್ವ ಅವನ ಪಾಲಿನ ಕರ್ಚಿಕಾಯಿಯನ್ನು ಸಂಜೆಯವರೆಗೆ ಮುಚ್ಚಿಟ್ಟಳು.

"ಯಾಸೀನ ಗಾಡಿ ಇಳೀವಲ್ಲ. ನಾ ಏನರ ಅಂದೆನೇನೋ?" ಎಂದು ಕೇಳಿದಳು.

"ಅವಂಗ ಸೊಂಟ ನೋಯಾಕತ್ತೈತಿ. ಇಳೀಲಿಕ್ಕೆ ಹತ್ತಲಿಕ್ಕೆ ತ್ರಾಸು" ಎಂದೆ. ಅದರ ಫಲವೆಂದರೆ ಅವ್ವ ಲಕ್ಕಿ ಸೊಪ್ಪು ತರಿಸಿ ಎಣ್ಣೆಯಲ್ಲಿ ಕುದಿಸಿ ಬಾಟಲಿ ತುಂಬಿ ನನ್ನ ಕೈಯಲ್ಲಿ ಕಳಿಸಿದಳು. ಯಾಸೀನ ಬಾಟಲಿಯ ಮುಚ್ಚಳ ತೆಗೆದು ಮೂಸಿ ನೋಡಿದ. "ನನ್ನ ಸೊಂಟ ಗಟ್ಟಿ ಐತಿ ಅಂತನ ಇಷ್ಟೆಲ್ಲ ಆಗಾಕತ್ತೈತಿ" ಎಂದ. ನಗಲಿಲ್ಲ.

ಇಲ್ಲಿ ನಮ್ಮ ಮನೆತನದ ಮಾತೊಂದನ್ನು ಹೇಳದೆ ಇರಲಾರೆ. ನಮ್ಮ ಮುತ್ಯಾ ಲಿಂಗವನ್ನು ಅಂಗೈಯಲ್ಲಿಟ್ಟು ಕಣ್ಣಿನ ಮಟ್ಟಕ್ಕೆ ಹಿಡಿದು ನೆಟ್ಟಗೆ ಕೂತು ನೋಡುತ್ತಿದ್ದ. "ಬಾಗಿದ್ರ ದೇವ್ರಿಗೆ ನಿನ್ನ ಬೆನ್ನ ಕಾಣತೈತಿ, ಮಾರಿ ತೋರಿಸು" ಎನ್ನುತ್ತಿದ್ದ. ಹಾಗೆ ನೋಡಿದರೆ ಎಲ್ಲೆಂದರಲ್ಲಿ ತಲೆ ಬಾಗಿಸುವುದು ನಮಗೂ ಹೇಳಿಕೊಟ್ಟದ್ದಲ್ಲ. ಅಂಥದೇ ಲಿಂಗವನ್ನು ಕೊರಳಲ್ಲಿ ಕಟ್ಟಿಕೊಂಡು ಸಕ್ಕರೆ ಕಾರ್ಖಾನೆಯ ಚೇರಮನ್ನರ ಖಾಲಿ ಕಾರಿಗೂ ಕೈಮುಗಿದ ಮೊಮ್ಮಗ ನಾನು. ಯಾಸೀನನ ಹಟವನ್ನು ಕಂಡು ನನಗೆ ಒಮ್ಮೆ ಸಿಟ್ಟು, ಒಮ್ಮೆ ಹೊಟ್ಟೆಕಿಚ್ಚು ಬರುತ್ತಿತ್ತು.

ಮರುವರ್ಷ ಅವನು ಹಜ್‌ಗೆ ಹೊರಟ. ಹೊರಡುವ ಮುಂಚೆ ಪರಿಚಯದವರ ಮನೆಮನೆಗೆ ಹೋಗಿ, ತಪ್ಪಾಗಿದ್ದರೆ ಮಾಫ್ ಮಾಡಿರಿ ಎಂದು ಕೇಳಿಕೊಂಡು ಬರುವುದು ಅವರಲ್ಲಿ ರೂಢಿ. ಅವ್ವನನ್ನು ಕೇಳದೆ ಹೋಗುವಂತಿಲ್ಲ. ಗಾಡಿಯ ಮೇಲೆ ಕೂತು ಕೇಳುವಂತೆಯೂ ಇಲ್ಲ. ಅವನು ಬರುತ್ತೇನೆಂದ ದಿನ ನಾನು ಬೆಳಿಗ್ಗೆಯಿಂದ ಏನೂ ತಿನ್ನಲಿಲ್ಲ. ಅವ್ವ ಕಾಲು ಮುಂದೆ ಚಾಚುತ್ತಾಳೆ, ಅವನು ಕಂಬದಂತೆ ನಿಲ್ಲುತ್ತಾನೆ, ನಡುವೆ ನಾನು. ಈ ಚಿತ್ರವನ್ನೇ ಹತ್ತು ರೀತಿಯಲ್ಲಿ ಕಟ್ಟಿಕೊಂಡು ಬೆವರುತ್ತಿದ್ದೆ.

ಬಿಳಿ ಅಂಗಿ ಹಾಕಿಕೊಂಡು ಬಂದ. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ. ಅವ್ವ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಅವನ ಮುಖವನ್ನು ಒಂದು ಕ್ಷಣ ನೋಡಿದಳು. ಆಮೇಲೆ ನಾನು ಕಟ್ಟಿಕೊಂಡ ಹತ್ತು ಚಿತ್ರಗಳಲ್ಲಿ ಒಂದರಲ್ಲೂ ಇಲ್ಲದ್ದು ನಡೆಯಿತು. ಸೆರಗನ್ನು ತಲೆಗೆಳೆದುಕೊಂಡು ಅವ್ವ ತಾನೇ ಅವನ ಕಾಲಿಗೆ ಬಾಗಿದಳು!

ನಮ್ಮ ಕಡೆ ಪಂಢರಪುರದ ವಾರಿಗೆ ಹೊರಟವರ ಕಾಲಿಗೆ ಹಿರಿಯರೂ ಬೀಳುತ್ತಾರೆ. ಯಾತ್ರೆಗೆ ಹೊರಟ ಕಾಲಿಗೆ ವಯಸ್ಸಿಲ್ಲ ಎಂಬ ಲೆಕ್ಕ. ಅವ್ವ ಮಕ್ಕಾವನ್ನೂ ಅದೇ ಲೆಕ್ಕಕ್ಕೆ ಸೇರಿಸಿದ್ದಳು.

ಯಾಸೀನ ಚೇಳು ಕಡಿದವನಂತೆ ಹಿಂದಕ್ಕೆ ಹಾರಿದ. ಅವ್ವ ಮುಂದೆ ಬಂದಳು. ಅವನು ಇನ್ನೂ ಹಿಂದೆ ಹೋಗಿ ಗೋಡೆಗೆ ತಾಗಿದ. ಕೊನೆಗೆ ಅವಳ ಎರಡೂ ಕೈಗಳನ್ನು ಹಿಡಿದುಕೊಂಡುಬಿಟ್ಟ.

"ಬ್ಯಾಡವ್ವಾ! ನಿನ್ನ ಹಾಲ ಕುಡದಾಂವ ನಾ. ನೀ ನನ್ನ ಮುಂದ ಬಾಗಿದ್ರ ಅಲ್ಲಿ ಹೋಗಿ ನಾ ಏನ್ ಮಾರಿ ತೋರಸ್ಲಿ?" ಹಿಡಿದ ಕೈ ಬಿಡಲಿಲ್ಲ. "ನಮ್ಮೊಳಗ ಹಂಗ ಬರಂಗಿಲ್ಲವ್ವಾ. ನೀ ನನಗ ಬಾಗಂಗಿಲ್ಲ. ನಾ... ನಾನೂ ನಿನಗ ಬಾಗಂಗಿಲ್ಲ. ಅಲ್ಲಾ ಒಬ್ಬಂಗ ಅಷ್ಟನ. ಹೇಳಾಕ ಬಾಯಿ ಬರಲಿಲ್ಲ, ಅದಕ್ಕ ಗಾಡಿ ಇಳೀಲಿಲ್ಲ. ಮಾಫ್ ಮಾಡವ್ವಾ."

ಅವ್ವ ನನ್ನ ಕಡೆ ತಿರುಗಿದಳು.

"ಸೊಂಟ ನೋವು ಅಂದಿ. ಯಾರ ಸೊಂಟೋ?"

ನಾನು ಅಭ್ಯಾಸಬಲದಿಂದ ಸ್ವಲ್ಪ ಬಾಗಿದೆ.

"ಇಷ್ಟ ಮಾತಿಗೆ ವರ್ಷ ಬೇಕಾತೇನಲೇ ನಿಮಗ?" ಅವಳ ಕಣ್ಣು ತುಂಬಿತ್ತು, ಬಾಯಿ ಮಾತ್ರ ಬೈಯುತ್ತಿತ್ತು. "ನಾ ತಿಳದಿದ್ದೆ, ಯಾಸೀನಗ ಈ ಮುದುಕಿ ಬ್ಯಾಡಾದ್ಲು ಅಂತ. ಬಾಗಬ್ಯಾಡಪಾ. ಯಾವಾಂವ ಬಾಗಂದಾಂವ? ಗಾಡಿ ಇಳಿ ಅಷ್ಟ."

ಆಮೇಲೆ ಅವನ ಕೆನ್ನೆ ನೀವಿ, ಎರಡೂ ಕೈ ತನ್ನ ಕಪಾಲಕ್ಕೆ ಒತ್ತಿ ಲಟಲಟನೆ ಲಟಿಕೆ ಮುರಿದು ದೃಷ್ಟಿ ತೆಗೆದಳು. "ಇದು ಬರತೈತೇನು ನಿಮ್ಮೊಳಗ?" ಎಂದಳು.

"ಮೌಲಾನಾರ್ನ ಕೇಳಿಲ್ಲವ್ವಾ" ಎಂದ ಯಾಸೀನ, ಕಣ್ಣೊರೆಸಿಕೊಳ್ಳುತ್ತ. "ಕೇಳೂದೂ ಇಲ್ಲ."

ಇಬ್ಬರೂ ಮಂಚದ ಮೇಲೆ ಪಕ್ಕಪಕ್ಕ ಕೂತರು, ಒಂದೇ ಎತ್ತರಕ್ಕೆ. ನಾನೊಬ್ಬನೇ ಚಹಾದ ತಾಟು ಹಿಡಿದು ಅರ್ಧ ಬಾಗಿ ನಿಂತಿದ್ದೆ. ಆ ಇಡೀ ವರ್ಷ ನಾನು ಹೆದರಿದ್ದು ಯಾವುದಕ್ಕೆ ಎಂದು ಆಗ ಹೊಳೆಯಿತು: ನಿಯಮಕ್ಕಲ್ಲ, ಅದನ್ನು ಬಾಯಿಬಿಟ್ಟು ಹೇಳುವ ಒಂದು ನಿಮಿಷಕ್ಕೆ.

ಅಗೋ, ಯಾಸೀನ ಮೆಟ್ಟಿಲು ಹತ್ತಿ ಬಂದ. ಕೈಯಲ್ಲಿ ಅವ್ವನಿಗೆ ಗಂಜಿಯ ಡಬ್ಬಿ. ಅವನ ಹಿಂದೆಯೇ ಬೂಟಿನ ಸದ್ದು. ಇಬ್ಬರೂ ವಾರ್ಡಿನೊಳಗೆ ಓಡಿದೆವು. ಡಾಕ್ಟರು ಅವ್ವನ ಮಂಚದ ಹತ್ತಿರ ಬಂದರು. ನನ್ನ ಬೆನ್ನು ತನ್ನಷ್ಟಕ್ಕೆ ತಾನೇ ಹೊರಟಿತು. ಎಲ್ಲಿಯೋ ನಡುವೆ ತಡೆದೆ. ಗಾಳಿಗೆ ಬಾಗಿ ಮತ್ತೆ ಏಳುವ ಕಬ್ಬಿನಂತೆ ಓಲಾಡುತ್ತ ನೆಟ್ಟಗಾದೆ. ಮೊದಲ ಸಲ ಅವರ ಮುಖ ಕಂಡಿತು. ನನಗಿಂತ ಚಿಕ್ಕವರು. ನಿದ್ದೆಗೆಟ್ಟ ಕಣ್ಣು.

"ಡಾಕ್ಟರ್, ಆಯೀ ಚಾಲತೀಲ ಕಾ?" ಎಂದೆ. ಅವ್ವ ನಡೆಯುತ್ತಾಳೆಯೇ? ಅಷ್ಟೇ. ಕೇಳಿದ್ದಕ್ಕೆ ನಾನೇನೂ ಸತ್ತುಹೋಗಲಿಲ್ಲ.

ಡಾಕ್ಟರು ನಿಂತರು. ಯಾರೂ ಕೇಳಲಿಲ್ಲವಲ್ಲ ಎಂದು ಅವರೂ ಕಾಯುತ್ತಿದ್ದರೇನೋ ಎನ್ನುವಂತೆ, ಮಂಚದ ಅಂಚಿಗೆ ಕೈಯೂರಿ ನಿಧಾನವಾಗಿ ವಿವರಿಸಿದರು. ನಡೆಯುತ್ತಾರೆ. ನಾಳೆಯಿಂದಲೇ ವಾಕರು ಹಿಡಿದು ಎಬ್ಬಿಸುತ್ತೇವೆ. ಆದರೆ ಹೊಸ ಕೀಲು ಜಾರಬಾರದು, ಅದಕ್ಕೆ ನಾವು ಹೇಳುವವರೆಗೆ ಕೆಳಗೆ ಬಾಗುವ ಹಾಗಿಲ್ಲ. ದೇವರ ಮುಂದೆ ಇಲ್ಲ, ಯಾರ ಕಾಲಿಗೂ ಇಲ್ಲ.

ಅವ್ವ ಇಷ್ಟು ಹೊತ್ತು ಕಣ್ಣು ಮುಚ್ಚಿಕೊಂಡಿದ್ದವಳು ಒಂದು ಕಣ್ಣು ತೆರೆದಳು.

"ಯಾಸೀನಾ" ಎಂದಳು, "ಈ ಡಾಕ್ಟರೂ ನಿಮ್ಮ ಮೌಲಾನಾನ ಕಡೇನ ಕಲತಾನೇನೋ?"