ಎಮ್ಮೆ ಇಳಿಯುವ ದಾರಿ

ಕಾಲುವೆ ಬಂದಮೇಲೆ ನಮ್ಮ ಸುರಪುರದ ಕಡೆಯವರಿಗೆ ನೀರು ಸಿಕ್ಕಿತು, ಭತ್ತ ಸಿಕ್ಕಿತು; ನನಗೆ ಸಿಕ್ಕಿದ್ದು ದಾರಿ. ಕಾಲುವೆ ಸಾಹೇಬರ ಜೀಪು ಓಡಾಡಲೆಂದು ದಂಡೆಯುದ್ದಕ್ಕೂ ಮೊರಂ ಮಣ್ಣು ಹಾಕಿ ಗಟ್ಟಿ ಮಾಡಿದ ದಾರಿ. ಎರಡೂ ಕಾಲಿಗೆ ಪೋಲಿಯೊ ಬಡಿದವಳು ನಾನು; ನನ್ನ ಗಾಲಿಕುರ್ಚಿ ಅದರ ಮೇಲೆ ಎಷ್ಟು ಸಲೀಸಾಗಿ ಓಡುತ್ತಿತ್ತೆಂದರೆ, ಊರೊಳಗಿನ ತಗ್ಗು ದಿನ್ನೆಗಳ ಮೇಲಿನ ಸಿಟ್ಟೆಲ್ಲ ಇಳಿದುಹೋಗುತ್ತಿತ್ತು.

ಆ ದಾರಿ ಮುಗಿಯುವುದು ಒಂದು ಕೆರೆಯ ಏರಿಯ ಮೇಲೆ. ಅಲ್ಲೊಂದು ರಾತ್ರಿ ತಂಗಬೇಕೆಂದು ಕಾಡಿ ಕಾಡಿ ಅಣ್ಣನನ್ನು ಒಪ್ಪಿಸಿದೆ. ಅವನು ಟಂಟಂ ಆಟೋದಲ್ಲಿ ತಾಡಪತ್ರಿ, ಹಾಸಿಗೆ, ಅವ್ವ ಎಲ್ಲವನ್ನೂ ಹೇರಿಕೊಂಡು ಮುಂದೆ ಹೋದ. ನಾನು ಹಟ ಮಾಡಿ ಕುರ್ಚಿಯಲ್ಲೇ ಹಿಂದೆ ಹೋದೆ. ಅಂಗೈ ಉರಿಯುತ್ತಿದ್ದರೂ ಖುಷಿ ತಡೆಯಲಾಗುತ್ತಿರಲಿಲ್ಲ. ಇವತ್ತು ಚಹಾಕ್ಕೆ ನೀರು ನಾನೇ ತರಬೇಕೆಂದು ಮನಸ್ಸಿನಲ್ಲೇ ಗಂಟು ಹಾಕಿಕೊಂಡಿದ್ದೆ. ನಮ್ಮ ಮನೆಯಲ್ಲಿ ಅವ್ವ ಕೊಡ ಹೊತ್ತದ್ದೇ ಹೊತ್ತದ್ದು, ನಾನು ಕುಡಿದದ್ದೇ ಕುಡಿದದ್ದು.

ಏರಿಯಿಂದ ನೀರಿಗೆ ಕಡಿದಾದ ಪಾವಟಿಗೆಗಳು. ನಾನು ಕೊಡ ಕೇಳಿದ್ದೇ ತಡ, ಅಣ್ಣ ಅಂಗಿಯ ತೋಳು ಏರಿಸಿದ.

“ಬಾ, ಎತ್ಗೊಂಡು ಇಳಿತೀನಿ.”

“ಎತ್ತಿದ್ರ ನೀರು ನೀ ತಂದಂಗಾತು. ಬ್ಯಾಡ.”

ಮೋರೆ ಊದಿಸಿಕೊಂಡು ಕೂತೆ. ಅಷ್ಟರಲ್ಲಿ ಎಮ್ಮೆಗಳು ಬಂದವು. ಪಾವಟಿಗೆಯ ಕಡೆ ನೋಡದೆ, ಜಾಲಿಗಿಡಗಳ ಆಚೆ ಹೋಗಿ, ಒಂದರ ಹಿಂದೊಂದು ಆರಾಮವಾಗಿ ನೀರಿಗಿಳಿದವು. ದನಗಳಿಗೆಂದೇ ಕಲ್ಲು ಹಾಸಿದ ಇಳಿಜಾರು ಅದು. ಮನುಷ್ಯರ ವಿಚಾರ ಮಾಡಿದವರು ಮೆಟ್ಟಿಲು ಕಟ್ಟಿದ್ದರು. ಎಮ್ಮೆಯ ವಿಚಾರ ಮಾಡಿದವರು ನನ್ನ ವಿಚಾರವನ್ನೂ ಮಾಡಿಬಿಟ್ಟಿದ್ದರು. ನಾನು ಕುರ್ಚಿಯನ್ನು ಆ ಕಡೆ ತಿರುಗಿಸಿದೆ.

“ದನದ ದಾರ್ಯಾಗ ಹೋಗ್ತಿಯೇನು? ಮಂದಿ ನೋಡಿದ್ರ ಏನಂದಾರು?” ಎಂದಳು ಅವ್ವ.

“ಕೂಸಿನಂಗ ಎತ್ಗೊಂಡು ಹೋದ್ರ ಏನೂ ಅನ್ನಂಗಿಲ್ಲೇನಬೇ?”

ಅವ್ವ ಕೊಡ ತಂದುಕೊಟ್ಟಳು. ಅಣ್ಣ ಕುರ್ಚಿಗೆ ಹಗ್ಗ ಕಟ್ಟಿ ಹಿಂದೆ ನಿಂತ. ಹಿಡಿಯಲು, ನೂಕಲು ಒಪ್ಪಿದೆ, ಎತ್ತಲು ಅಲ್ಲ. ಗಾಲಿಗೆ ಸೆಗಣಿ, ಗಾಲಿಯಿಂದ ಕೈಗೆ ಸೆಗಣಿ. ಮುಂದಿನ ಎಮ್ಮೆ ಒಮ್ಮೆ ತಿರುಗಿ ನೋಡಿ ತನ್ನ ಪಾಡಿಗೆ ಹೋಯಿತು. ಗಾಲಿ ನೀರಿಗೆ ತಾಗಿತು. ಕೈ ತೊಳೆದು, ಬಾಗಿ ಕೊಡ ಮುಳುಗಿಸಿ ತೊಡೆಯ ಮೇಲಿಟ್ಟುಕೊಂಡೆ. ಸೀರೆಯೆಲ್ಲ ತೊಯ್ದುಹೋಯಿತು.

ಮೇಲೆ ಬಂದಾಗ ಕೊಡ ಇಳಿಸಿಕೊಳ್ಳಲು ಅವ್ವ ಎದ್ದಳು. “ಕುಂದರಬೇ,” ಅಂದೆ. ನೀರು ಸೋಸಿ, ಮೂರು ಕಲ್ಲಿನ ಒಲೆಯ ಮೇಲೆ ಕುದಿಸಿ ನಾನೇ ಚಹಾ ಮಾಡಿದೆ. ಅವ್ವ ಬಸಿಗೆ ಸುರಿದುಕೊಂಡು ಕುಡಿದಳು.

“ಹೆಂಗ ಆಗ್ಯದಬೇ?”

“ಎಮ್ಮಿ ವಾಸನಿ ಬರ್ತದ,” ಎಂದು ಅವ್ವ ಖಾಲಿ ಬಸಿ ಮುಂದೆ ಚಾಚಿದಳು. “ಇನ್ನೊಂದೀಟು ಹಾಕು. ಮಗಳು ತಂದ ನೀರು ನಾ ಯಾವತ್ತು ಕುಡಿದೀನಿ?”