ಬಿದ್ದವನ ಮುಖದ ಬಣ್ಣ

ವಿನಿಫ್ರೆಡ್ ಟ್ಯಾನ್ಸಿಗೆ ಬರಬೇಕಾಗಿದ್ದ ಎಂಟುನೂರು ಡಾಲರ್ ಇವತ್ತಿಗೂ ಬಂದಿಲ್ಲ. ಮಕ್ಕಳ ಚರಿತ್ರೆ ಪುಸ್ತಕವೊಂದಕ್ಕೆ ಚಿತ್ರ ಬರೆದ ಕೂಲಿ ಅದು. ಪುಸ್ತಕ ಅಚ್ಚಾಯಿತು, ಮಾರಾಟವಾಯಿತು, ಶಾಲೆಗಳ ಕಪಾಟು ಸೇರಿತು. ಕೂಲಿ ಮಾತ್ರ ಪ್ರಕಾಶಕರ ಜೇಬಿನಲ್ಲೇ ಕೂತಿತು. ಯಾಕೆ ಅಂತ ಹೇಳಬೇಕಾದರೆ 1975ರ ನವೆಂಬರಿನ ಒಂದು ಶುಕ್ರವಾರದಿಂದ ಶುರು ಮಾಡಬೇಕು.

ಆ ಬೆಳಿಗ್ಗೆ ಬಾಸ್ಟನ್ನಿನ ಡಾರ್ಚೆಸ್ಟರಿನಲ್ಲಿ, ಮೂರಂತಸ್ತಿನ ಮರದ ಮನೆಯೊಂದರ ಕೆಳಗಿನ ಅಡುಗೆಮನೆಯಲ್ಲಿ, ಅವಳು ಕಳುಹಿಸಿದ್ದ ಚಿತ್ರವೇ ವಾಪಸು ಬಂದು ಮೇಜಿನ ಮೇಲೆ ಬಿದ್ದಿತ್ತು. ಪೊಟ್ಟಣ ಬಿಚ್ಚಿದಾಗಿನಿಂದ ಅವಳು ಚಹಾ ಮುಟ್ಟಿರಲಿಲ್ಲ.

ಮುಂದಿನ ವರ್ಷ ಅಮೆರಿಕ ಸ್ವತಂತ್ರವಾಗಿ ಇನ್ನೂರು ವರ್ಷ ತುಂಬುವುದಿತ್ತು. ಹಾಲಿನ ಡಬ್ಬದ ಮೇಲೂ ಬಾವುಟ, ಸಾಬೂನಿನ ಮೇಲೂ ಕ್ರಾಂತಿಯ ತಮಟೆಯ ಚಿತ್ರ. ಅದೇ ಗದ್ದಲದಲ್ಲಿ ವಿನಿಫ್ರೆಡ್‌ಗೆ ಸಿಕ್ಕ ಕೆಲಸ ಈ ಪುಸ್ತಕ. ಕ್ರಾಂತಿಗೆ ಮುಂಚೆ ಬ್ರಿಟಿಷರ ಮೇಲೆ ಊರು ಹೇಗೆ ಕುದಿಯಿತು ಅನ್ನುವುದು ಅದರ ಕಥೆ. ಸ್ಟಾಂಪಿನ ತೆರಿಗೆ, ಬಂದರಿನಲ್ಲಿ ನೀರುಪಾಲಾದ ಚಹಾ, ಸುಂಕದವನ ಮೈಗೆ ಡಾಂಬರು ಬಳಿದು ಕೋಳಿಪುಕ್ಕ ಮೆತ್ತಿದ್ದು. ನಡುಪುಟದಲ್ಲಿ 1770ರ ಮಾರ್ಚ್ ತಿಂಗಳಿನ ಹಿಮದ ಬೀದಿ. ಒಂದು ಕಡೆ ಕೆಂಪು ಕೋಟಿನ ಬ್ರಿಟಿಷ್ ಸಿಪಾಯಿಗಳು, ಇನ್ನೊಂದು ಕಡೆ ದೊಣ್ಣೆ ಹಿಡಿದು ಹಿಮದುಂಡೆ ಎಸೆಯುವ ಊರಿನವರು, ಕೆಳಗೆ ಹಿಮದ ಮೇಲೆ ಗುಂಡೇಟಿಗೆ ಮೊದಲು ಬಿದ್ದ ಕ್ರಿಸ್ಪಸ್ ಆಟಕ್ಸ್. ಹಡಗಿನಲ್ಲಿ ದುಡಿದವನು. ಬಿಳಿಯನಲ್ಲ. ಆಫ್ರಿಕದ ರಕ್ತ, ಆ ನೆಲದ ಮೂಲ ಬುಡಕಟ್ಟಿನ ರಕ್ತ ಎರಡೂ ಸೇರಿದವನು.

ಪೊಟ್ಟಣದಿಂದ ಹೊರಗೆ ಬಂದ ಚಿತ್ರದಲ್ಲಿ ಆ ಮುಖದ ಸುತ್ತ ನೀಲಿ ಪೆನ್ಸಿಲಿನಲ್ಲಿ ಗುಂಡಗೆ ಗೆರೆ ಎಳೆದಿದ್ದರು.

ಫೋನ್ ಬಂತು. ಸಂಪಾದಕ ಪ್ರೂಯಿಟ್.

“ಮಿಸೆಸ್ ಟ್ಯಾನ್ಸಿ, ನೀಲಿ ಗೆರೆ ನೋಡಿದ್ರಾ?”

“ನೋಡಿದೆ. ಯಾಕೆ ಅಂತ ಗೊತ್ತಾಗ್ಲಿಲ್ಲ.” ಗೊತ್ತಾಗಿತ್ತು.

“ಆ ಮುಖದ ಬಣ್ಣ ಮೂರು ಹಾಳೆಯಲ್ಲೂ ಕೆರೆದುಬಿಡಿ. ಉಳಿದವರ ಹಾಗೇ ಇರ್ಲಿ.”

“ಅವನು ಬಿಳಿಯನಲ್ಲವಲ್ಲ.”

“ಬಿಳಿ ಮಾಡಿ ಅಂತ ಯಾರಂದ್ರು? ಬಣ್ಣ ಹಾಕ್ಬೇಡಿ ಅಂದೆ, ಅಷ್ಟೆ.”

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಅದೇ ಭಯ. ಆಗ ಅಗ್ಗದ ಪುಸ್ತಕಗಳಿಗೆ ಬಣ್ಣ ಕೂಡಿಸುತ್ತಿದ್ದ ರೀತಿಯೇ ಹಾಗೆ. ದಪ್ಪ ರಟ್ಟಿನ ಮೇಲೆ ಕಪ್ಪು ಶಾಯಿಯಲ್ಲಿ ಚಿತ್ರ. ಅದರ ಮೇಲೆ ಗಾಜಿನಂಥ ಮೂರು ಹಾಳೆ, ಹಳದಿಗೊಂದು, ಕೆಂಪಿಗೊಂದು, ನೀಲಿಗೊಂದು. ಯಾವ ಬಣ್ಣ ಎಲ್ಲಿ ಬೀಳಬೇಕೋ ಆ ಹಾಳೆಯಲ್ಲಿ ಅಲ್ಲಿ ಕಲಾವಿದೆಯೇ ಕೈಯಾರೆ ತುಂಬಬೇಕು. ಬಿಳಿಯರ ಮುಖಕ್ಕೆ ಯಾರೂ ಏನೂ ತುಂಬುತ್ತಿರಲಿಲ್ಲ. ಕಾಗದವನ್ನು ಹಾಗೇ ಬಿಟ್ಟರೆ ಅದೇ ಬಿಳಿಯ. ಕಂದು ಮುಖ ಬೇಕಾದರೆ ಮೂರೂ ಹಾಳೆಯಲ್ಲಿ ಒಂದೇ ಜಾಗದಲ್ಲಿ ಕೂದಲೆಳೆ ಆಚೀಚೆ ಆಗದಂತೆ ಕೂತು ತುಂಬಬೇಕು. ತುಂಬಿದ್ದಳು. ಈಗ ಬ್ಲೇಡು ಹಿಡಿದು ಒಂದು ಅಂಗುಲ ಕೆರೆದರೆ ಆಟಕ್ಸ್ ಮಿಕ್ಕವರಂತೆ ಬರಿ ಕಾಗದವಾಗುತ್ತಿದ್ದ.

“ಈ ವರ್ಷ ಬೇಡ,” ಅಂದ ಪ್ರೂಯಿಟ್. “ಊರು ಹೇಗಿದೆ ನಿಮಗೇ ಗೊತ್ತು. ಪುಸ್ತಕ ಕೊಳ್ಳೋ ಸಮಿತಿಗಳು ಹೆದರಿಕೊಂಡಿವೆ. ಆ ಕಾಲದ ಅಚ್ಚುಗಳಲ್ಲೇ ಎಷ್ಟೋ ಕಡೆ ಅವನಿಗೆ ಬಣ್ಣ ಇಲ್ಲ. ಸೋಮವಾರ ಮಧ್ಯಾಹ್ನ ಮುದ್ರಣಕ್ಕೆ ಹೋಗುತ್ತೆ. ನಿಮ್ಮ ಕೈಲಾಗದಿದ್ರೆ ಹೇಳಿ, ಪ್ರೆಸ್ಸಿನವರು ಹತ್ತು ನಿಮಿಷದಲ್ಲಿ ಕೆರೆದು ಹಾಕ್ತಾರೆ. ಆಗ ನಿಮ್ಮ ಬಾಕಿ ಹಣದ ಮಾತೂ ಬೇರೆ ಆಗುತ್ತೆ.”

ಊರು ಹೇಗಿತ್ತು ಅಂದರೆ, ಕೋರ್ಟು ಶಾಲೆಗಳಲ್ಲಿ ಕರಿಯ ಬಿಳಿಯ ಮಕ್ಕಳನ್ನು ಬೆರೆಸಿ ಅಂತ ಆದೇಶ ಕೊಟ್ಟು ಎರಡನೇ ವರ್ಷ. ಕರಿಯ ಮಕ್ಕಳನ್ನು ತುಂಬಿಕೊಂಡ ಹಳದಿ ಬಸ್ಸುಗಳು ಬಿಳಿಯರ ಬೀದಿಗೆ ಬಂದಾಗ ಅಲ್ಲಿಯವರು ಕಲ್ಲು ಎಸೆಯುತ್ತಿದ್ದರು. ಮುಂದೆ ಮೋಟಾರ್‌ಸೈಕಲ್ ಪೊಲೀಸರು, ಹಿಂದೆ ಪೊಲೀಸರು, ನಡುವೆ ಆರು ವರ್ಷದ ಕೂಸುಗಳು. ಕಲ್ಲು ಎಸೆದವರೇ ಸ್ವಾತಂತ್ರ್ಯದ ಹಬ್ಬಕ್ಕೆ ಬಾವುಟ ಕೊಂಡವರು.

ವಿನಿಫ್ರೆಡ್‌ಗೆ ಇನ್ನೊಂದು ಸಂಕಟ ಇತ್ತು. ಚಿತ್ರಕ್ಕೆ ಮುಖ ಬೇಕಾದರೆ ಗೊತ್ತಿರುವವರನ್ನೇ ಕರೆದು ನಿಲ್ಲಿಸಿ ಬರೆಯುವುದು ಆ ಕಸುಬಿನ ವಾಡಿಕೆ. ಹಿಮದುಂಡೆ ಎಸೆಯುವವನಾಗಿ ನಿಂತವನು ಅವಳ ತಮ್ಮ ಡಿನ್ನಿ. ಮನೆ ಅವನದೇ, ಮೇಲಿನ ಅಂತಸ್ತಿನಲ್ಲಿದ್ದ. ಬಿದ್ದವನಾಗಿ ಮಲಗಿದವನು ಲೆಮ್ಯುಯೆಲ್ ಗ್ಯಾಸ್ಕಿನ್. ಅವಳ ಸತ್ತ ಗಂಡ ಫ್ರಾಂಕಿನ ಜೊತೆ ಅಂಚೆ ಕಚೇರಿಯಲ್ಲಿ ಪಕ್ಕಪಕ್ಕದಲ್ಲಿ ನಿಂತು ಕಾಗದ ವಿಂಗಡಿಸಿದವನು, ಫ್ರಾಂಕಿನ ಶವಪೆಟ್ಟಿಗೆಗೆ ಹೆಗಲು ಕೊಟ್ಟವನು. ಕರಿಯನೊಬ್ಬ ಬಿಳಿಯರ ಆ ಬೀದಿಗೆ ಸುಮ್ಮನೆ ಬರುವ ಹಾಗಿರಲಿಲ್ಲ. ಕಾಗದ ಹಂಚುವವನ ಟೋಪಿ ಎರವಲು ಹಾಕಿಕೊಂಡು ಬಂದು, ಒಂದು ಮಧ್ಯಾಹ್ನ ಪೂರ್ತಿ ಅವಳ ಅಡುಗೆಮನೆಯ ನೆಲದ ಮೇಲೆ ಸತ್ತವನಂತೆ ಬಿದ್ದುಕೊಂಡಿದ್ದ. “ನಿನ್ನ ಮುಖ ಪುಸ್ತಕದಲ್ಲಿರುತ್ತೆ, ನಿನ್ನ ಮೊಮ್ಮಗಳು ಓದ್ತಾಳೆ” ಅಂತ ಅವಳು ಮಾತು ಕೊಟ್ಟಿದ್ದಳು.

ಶನಿವಾರ ಮಧ್ಯಾಹ್ನ ಅವಳು ರೈಲು ಹಿಡಿದು ಅಂಚೆ ಕಚೇರಿಗೆ ಹೋದಳು. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಜೋಡಿಸಿದಳು, ಒಂದೂ ನಿಲ್ಲಲಿಲ್ಲ. ಪಾಳಿ ಮುಗಿಸಿ ಮೆಟ್ಟಿಲ ಮೇಲೆ ಕೂತು ಬ್ರೆಡ್ಡು ತಿನ್ನುತ್ತಿದ್ದ ಗ್ಯಾಸ್ಕಿನ್ ಅವಳನ್ನು ನೋಡಿ ಪಕ್ಕಕ್ಕೆ ಸರಿದ.

“ಯಾರಾದ್ರೂ ಸತ್ರಾ ಮಿಸೆಸ್ ಟ್ಯಾನ್ಸಿ?”

“ಇಲ್ಲ.”

“ಮತ್ತೆ ಮುಖ ಯಾಕೆ ಹೀಗಿದೆ? ಫ್ರಾಂಕ್ ಹೋದ ದಿನಾನೂ ಇದಕ್ಕಿಂತ ವಾಸಿಯಾಗಿತ್ತು.”

ಹೇಳಿದಳು. ಅವನು ಅಗಿಯುವುದನ್ನು ನಿಲ್ಲಿಸಲಿಲ್ಲ.

“ನನ್ನ ಸೊಂಟ ಇನ್ನೂ ನೋಯ್ತಿದೆ. ಅದನ್ನ ಹತ್ತು ನಿಮಿಷದಲ್ಲಿ ಕೆರೀತಾರಂತಾ?”

“ಹಾಗಂತಾರೆ.”

“ನಿಜ ಹೇಳ್ಲಾ? ನನ್ನ ಮುಖ ತೆಗೀರಿ ಅಂತ ನಾನೇ ಕೇಳೋಣ ಅಂತಿದ್ದೆ.”

ಮೊಮ್ಮಗಳು ಡೆಲ್ಫೀನಳನ್ನು ಸೆಪ್ಟೆಂಬರಿನಿಂದ ಬಸ್ಸಿನಲ್ಲಿ ಬಿಳಿಯರ ಕಡೆಯ ಶಾಲೆಗೆ ಕಳುಹಿಸುತ್ತಿದ್ದರು. ಹಿಂದಿನ ವಾರ ಕಲ್ಲು ಬಿದ್ದು ಬಸ್ಸಿನಲ್ಲಿ ಅವಳ ಪಕ್ಕದ ಕಿಟಕಿ ಒಡೆದಿತ್ತು. ಅಜ್ಜಿ ಸ್ನಾನದ ತೊಟ್ಟಿಯಲ್ಲಿ ಕೂರಿಸಿ ಜಡೆಯಿಂದ ಗಾಜಿನ ಚೂರು ಹೆಕ್ಕಿದ್ದಳು.

“ಅವಳು ಆಗ್ಲೇ ತರಗತಿಯಲ್ಲೆಲ್ಲ ಹೇಳ್ಕೊಂಡಿದಾಳೆ, ನಮ್ಮ ತಾತ ಪುಸ್ತಕದಲ್ಲಿ ಬರ್ತಾನೆ ಅಂತ. ಪುಸ್ತಕ ಬಂದ ಮೇಲೆ ಏನು? ನೋಡೇ, ನಿಮ್ಮ ತಾತ ಸತ್ತು ಬಿದ್ದಿದಾನೆ ಅಂತ ಬೆರಳಿಟ್ಟು ತೋರಿಸ್ತಾರೆ. ಬೇಡ.”

ವಿನಿಫ್ರೆಡ್‌ಗೆ ಎದೆಯ ಮೇಲಿನ ಕಲ್ಲು ಜಾರಿದಂತಾಯಿತು. ಹಾಗಾದದ್ದಕ್ಕೆ ನಾಚಿಕೆಯೂ ಆಯಿತು. ಆದರೂ ಕೇಳಿಯೇ ಬಿಟ್ಟಳು.

“ಹಾಗಾದ್ರೆ ಕೆರೆದುಬಿಡ್ಲಾ?”

ಗ್ಯಾಸ್ಕಿನ್ ಈಗ ಅಗಿಯುವುದನ್ನು ನಿಲ್ಲಿಸಿದ.

“ಮುಖ ಅಂದೆ. ಬಣ್ಣ ಅಂದ್ನಾ? ಮೂಗು ಬದಲಾಯಿಸಿ, ಗದ್ದ ಬದಲಾಯಿಸಿ, ನನ್ನದೇನೂ ತಕರಾರಿಲ್ಲ. ಆ ಬಣ್ಣ ನಾನು ಕೊಟ್ಟಿದ್ದಲ್ಲ, ಸತ್ತವನದು. ಅದನ್ನ ಮುಟ್ಟಿದ್ರೆ ನಿಮ್ಮನೆ ಹೊಸ್ತಿಲು ತುಳಿಯಲ್ಲ.” ಬ್ರೆಡ್ಡಿನ ಪುಡಿ ಕೊಡವಿಕೊಂಡು ಅಂದ, “ಈಗ್ಲೂ ತುಳಿಯೋ ಹಾಗಿಲ್ಲ, ನಿಮ್ಮ ಬೀದಿಯವರು ಬಿಡಲ್ಲ. ಆದ್ರೂ ಹೇಳ್ದೆ.”

ಸಂಜೆ ಡಿನ್ನಿ ಕೆಳಗಿಳಿದು ಬಂದ. ಶನಿವಾರ ಹುರುಳಿಕಾಯಿ ಬೀಜ ಬೆಲ್ಲದ ಪಾಕದಲ್ಲಿ ಬೇಯಿಸಿ, ಸಾಸೇಜಿನ ಜೊತೆ ತಿನ್ನುವುದು ಆ ಮನೆಯ ರೂಢಿ. ತಟ್ಟೆ ಹಿಡಿದುಕೊಂಡೇ ಚಿತ್ರದ ಮೇಲೆ ಬಗ್ಗಿದ.

“ಓಹೋ, ಕೈ ನೋಡು ನಂದು. ಏನು ಬೀಸು. ಇವನಿಗ್ಯಾಕೆ ನೀಲಿ ಬಳೆ?”

“ಬಣ್ಣ ತೆಗೀಬೇಕಂತೆ.”

“ತೆಗಿ. ಅದಕ್ಕೆ ಮುಖ ಸಣ್ಣ ಮಾಡ್ಕೊಂಡಿದೀಯಾ? ನನ್ನ ಕಾಲಡಿ ಇವನನ್ನ ಮಲಗಿಸಿ, ಅಳು ಅಂದ್ರೆ ಯಾರು ಅಳ್ತಾರೆ ವಿನ್ನಿ?”

“ನೀನು ನಿಂತಿರೋದು ಅವನ ಪರವಾಗಿ. ಅವನನ್ನ ಕೊಂದವರಿಗೆ ಎಸೀತಿದೀಯ.”

“ನನಗ್ಯಾರೂ ಹೇಳ್ಲಿಲ್ಲ,” ಅಂದ ಡಿನ್ನಿ. “ಕೈ ಎತ್ತು ಅಂದೆ, ಎತ್ತಿದೆ. ಸೋಮವಾರ ಬೆಟ್ಟದ ಮೇಲಿನ ಶಾಲೆ ಹತ್ರಾನೂ ಎತ್ತೋದಿದೆ, ಬಸ್ಸು ಬಂದಾಗ. ಬಂದು ಬರ್ಕೊ ಬೇಕಾದ್ರೆ.” ಬೀಜ ಬಾಯಿಗೆ ಹಾಕಿಕೊಂಡು ಮೆಲ್ಲಗೆ ಸೇರಿಸಿದ, “ಈ ಮನೆ ನಿಂಗೆ ಅರ್ಧ ಬಾಡಿಗೆಗೆ ಕೊಟ್ಟಿದೀನಿ, ಅಕ್ಕ ಅಂತ. ಬೀದಿಯವರ ಕೈಲಿ ನನ್ನ ಕಿಟಕಿ ಒಡೆಸ್ಬೇಡ.”

ಅವನು ತಮಾಷೆಗೆ ಹೇಳಿದ್ದಲ್ಲ. ಅವಳಿಗೆ ಗೊತ್ತಿತ್ತು. ಟಿವಿಯ ಸುದ್ದಿಯಲ್ಲಿ ಎಸೆಯುವ ಕೈಗಳನ್ನು ನೋಡಿದಾಗಲೆಲ್ಲ ಅವಳಿಗೆ ತಾನೇ ಬರೆದ ಗೆರೆ ಕಾಣುತ್ತಿತ್ತು. ಅದೇ ಭುಜ, ಹಿಂದಕ್ಕೆ ಬಾಗಿದ ಅದೇ ಸೊಂಟ.

ಭಾನುವಾರ ಅವಳು ಚರ್ಚಿಗೆ ಹೋಗಲಿಲ್ಲ. ಆ ಬೀದಿಯಲ್ಲಿ ಅದು ಸಣ್ಣ ವಿಷಯವಲ್ಲ. ಎದುರುಮನೆಯ ಪರದೆ ಎರಡು ಸಲ ಸರಿಯಿತು. ವಿನಿಫ್ರೆಡ್ ಮೇಜಿಗೆ ಕೂತು ತನ್ನ ತಪ್ಪು ಏನೆಂದು ನೋಡಿದಳು. ಕಸುಬಿನ ಅಭ್ಯಾಸದಂತೆ ಕಪ್ಪು ಚಿತ್ರದಲ್ಲಿ ಮುಖಗಳನ್ನೆಲ್ಲ ಚೊಕ್ಕವಾಗಿ ಬಿಟ್ಟು, ಆಟಕ್ಸ್‌ನ ಮೈಬಣ್ಣವನ್ನು ಪೂರ್ತಿ ಆ ಗಾಜಿನ ಹಾಳೆಗಳಿಗೆ ಒಪ್ಪಿಸಿದ್ದಳು. ಹಾಳೆ ಕೆರೆಯುವಂಥದ್ದು. ಬೇಡವಾದರೆ ಎತ್ತಿ ಪಕ್ಕಕ್ಕಿಡುವಂಥದ್ದು. ಕಪ್ಪು ಚಿತ್ರ ಹಾಗಲ್ಲ, ಅದಿಲ್ಲದೆ ಪುಟವೇ ಇಲ್ಲ.

ಮೊದಲು ಬ್ಲೇಡು ತೆಗೆದುಕೊಂಡು ಮೂರೂ ಹಾಳೆಯಲ್ಲಿ ಮುಖದ ಕಲೆ ಕೆರೆದಳು. ಪ್ರೂಯಿಟ್ ಹೇಳಿದ್ದು ಅಷ್ಟೇ ತಾನೇ. ಆಮೇಲೆ ರಟ್ಟಿನ ಮೇಲೆ ಸಣ್ಣ ಮೊನೆಯ ಪೆನ್ನಿನಿಂದ ಗೆರೆ ಹಾಕತೊಡಗಿದಳು. ಹಣೆಗೆ ಓರೆ ಗೆರೆ, ಅದರ ಮೇಲೆ ಅಡ್ಡ ಗೆರೆ, ಕೆನ್ನೆಗೆ ಇನ್ನೂ ಒತ್ತಾಗಿ. ಗೆರೆಗಳನ್ನು ಮುಖದಲ್ಲೇ ನಿಲ್ಲಿಸಲಿಲ್ಲ. ಕುತ್ತಿಗೆಗೆ, ಕಾಲರಿಗೆ, ಅವನ ಮೇಲೆ ಬಗ್ಗಿದವನ ತೋಳಿಗೆ, ಹಿಮದ ಮೇಲಿನ ಕೋವಿಯ ನೆರಳಿಗೆ ನೇಯ್ದುಕೊಂಡು ಹೋದಳು. ಯಾರಾದರೂ ಬಿಳಿ ಬಣ್ಣ ಬಳಿಯಲು ಹೊರಟರೆ ಅರ್ಧ ಚಿತ್ರವೇ ಅಳಿಯಬೇಕು. ಮೂಗು ಬದಲಾಯಿತು, ಗದ್ದ ಅಗಲವಾಯಿತು. ಒಂದು ಹನಿ ಶಾಯಿ ತಪ್ಪಾಗಿ ಬಿದ್ದರೆ ಎಲ್ಲ ಮುಗಿಯಿತು. ಬೆವರು ಉದುರದಂತೆ ಹಣೆಗೆ ಕರವಸ್ತ್ರ ಕಟ್ಟಿಕೊಂಡಿದ್ದಳು. ಮೇಲೆ ಡಿನ್ನಿಯ ಹೆಜ್ಜೆ ಸದ್ದಾದಾಗಲೆಲ್ಲ ಪೆನ್ನು ಎತ್ತಿ ಹಿಡಿದು ಕಾಯುತ್ತಿದ್ದಳು.

ಸೋಮವಾರ ಪ್ರಕಾಶಕರ ಕಚೇರಿಗೆ ಬೇಕೆಂದೇ ತಡವಾಗಿ ಹೋದಳು. ಪ್ರೂಯಿಟ್ ಮೂರೂ ಹಾಳೆ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ತಲೆಯಾಡಿಸಿದ. ಆಮೇಲೆ ರಟ್ಟು ನೋಡಿದ.

“ಇದೇನು?”

“ಕೆರೀರಿ ಅಂದ್ರಿ, ಕೆರೆದೆ.”

“ಇವನು ಮೊದಲಿಗಿಂತ ಕಪ್ಪಾಗಿದಾನಲ್ಲ.”

“ಬಣ್ಣ ಒಂದು ಚೂರೂ ಇಲ್ಲ ಸಾರ್. ನೋಡಿ ಬೇಕಾದ್ರೆ.”

ಧೈರ್ಯದಿಂದ ಹೇಳಿದಳು ಅಂತ ತಿಳಿಯಬೇಡಿ. ಹೇಳುತ್ತಲೇ ಬಾಗಿಲ ಕಡೆ ಒಂದು ಹೆಜ್ಜೆ ಸರಿದಿದ್ದಳು. ಪ್ರೂಯಿಟ್ ಗಡಿಯಾರ ನೋಡಿದ. ಪ್ರೆಸ್ಸಿನ ವ್ಯಾನು ಕೆಳಗೆ ನಿಂತಿತ್ತು. ಇನ್ನೊಬ್ಬರಿಂದ ಹೊಸದಾಗಿ ಬರೆಸಲು ಹೊತ್ತಿರಲಿಲ್ಲ. “ಹೇಳಿದ ಹಾಗೆ ಮಾಡಿಲ್ಲ ಅಂತ ಬರೆದಿಡ್ತೀನಿ,” ಅಂದ. “ಬಾಕಿ ಹಣಕ್ಕೆ ಕಾಯ್ಬೇಡಿ. ಇಲ್ಲಿ ಇನ್ನು ಕೆಲಸಾನೂ ಕೇಳ್ಬೇಡಿ.” ಅವಳು ಹೊರಗೆ ಬಂದು ಮನೆಗೆ ಹೋಗಲಿಲ್ಲ. ಪೊಟ್ಟಣ ಕೆಳಗಿಳಿದು ವ್ಯಾನು ಹೊರಡುವವರೆಗೂ ಓಣಿಯ ಬೆಂಚಿನ ಮೇಲೆ ಕೂತಿದ್ದಳು. ಆಗಲೂ ನಂಬಿಕೆ ಬರಲಿಲ್ಲ.

ಪುಸ್ತಕ ಬಂತು. ಬಿದ್ದವನು ಕಪ್ಪಾಗಿಯೇ ಇದ್ದ. ಗ್ಯಾಸ್ಕಿನ್ ಮೆಟ್ಟಿಲ ಮೇಲೆ ಪುಟ ತೆರೆದು ಬಹಳ ಹೊತ್ತು ನೋಡಿ, “ಮೂಗು ನನ್ನದಕ್ಕಿಂತ ಚೆನ್ನಾಗಿದೆ” ಅಂದ. ಡಿನ್ನಿ ಒಂದು ಪ್ರತಿ ಕೊಂಡು ಬಾರಿನಲ್ಲಿ ಎಲ್ಲರಿಗೂ ತೋರಿಸಿದ, ತನ್ನ ಕೈ ಮಾತ್ರ ಕಾಣುವಂತೆ ಪುಟ ಮಡಿಸಿ. ಕಿಟಕಿ ಯಾರೂ ಒಡೆಯಲಿಲ್ಲ, ಬಾಡಿಗೆ ಮಾತ್ರ ಪೂರ್ತಿಯಾಯಿತು. ವಿನಿಫ್ರೆಡ್ ಅಂಗಡಿಗಳ ಜಾಹೀರಾತಿಗೆ ಬೂಟು, ಬಕೀಟು ಬರೆದು ಬದುಕಿದಳು.

ಅಂಜಿಕೆ ಮಾತ್ರ ಬಿಡಲಿಲ್ಲ. ಎಲ್ಲೇ ಗ್ರಂಥಾಲಯ ಕಂಡರೂ ಒಳಗೆ ಹೋಗಿ ಆ ಪುಸ್ತಕ ಹುಡುಕಿ ನಡುಪುಟ ತೆರೆಯುತ್ತಿದ್ದಳು. ವರ್ಷಗಳ ಮೇಲೆ ಕ್ವಿನ್ಸಿಯ ಗ್ರಂಥಾಲಯದಲ್ಲಿ ಹೊಸ ಮುದ್ರಣ ಸಿಕ್ಕಿತು. ಪುಸ್ತಕದ ಗಾತ್ರ ಚಿಕ್ಕದಾಗಿತ್ತು. ಸಿಪಾಯಿಗಳಿದ್ದರು, ದೊಣ್ಣೆಗಳಿದ್ದವು, ಡಿನ್ನಿಯ ಕೈ ಇತ್ತು. ಚಿತ್ರ ಅವರ ಮೊಣಕಾಲಿಗೇ ಮುಗಿದಿತ್ತು. ಕೆಳಗೆ ಹಿಮದ ಮೇಲೆ ಬಿದ್ದವನನ್ನು ಸಲೀಸಾಗಿ ಕತ್ತರಿಸಿದ್ದರು. ಕೆರೆಯುವವರನ್ನು ತಡೆಯಲು ಅವಳು ಗೆರೆ ಹಾಕಿದ್ದಳು, ಕತ್ತರಿಯ ಯೋಚನೆ ಅವಳಿಗೆ ಬಂದಿರಲಿಲ್ಲ. ಪ್ರಕಾಶಕರಿಗೆ ಫೋನ್ ಮಾಡಿದಳು, ಬರೆದಳು, ಹೋಗಿ ಬಾಗಿಲಲ್ಲಿ ನಿಂತಳು. ಪುಟದಲ್ಲಿ ಜಾಗ ಸಾಲಲಿಲ್ಲ ಅಂದರು. ಅವಳು ಸಾಯುವವರೆಗೂ ಅದೇ ಉತ್ತರ.

ಈಗ ನಿಮ್ಮ ಕೆಲಸ. ಮನೆಯಲ್ಲಿ ಮಗುವಿನ ಚರಿತ್ರೆ ಪುಸ್ತಕ ಇದೆಯಲ್ಲ, ಇವತ್ತೇ ತೆಗೆಯಿರಿ. ಗಲಾಟೆಯ ಪುಟ ಹುಡುಕಿ. ಎಸೆಯುವವರು ಕಾಣುತ್ತಾರೆ, ಗುಂಡು ಹಾರಿಸುವವರು ಕಾಣುತ್ತಾರೆ. ಗುಂಡು ಬಿದ್ದದ್ದು ಯಾರಿಗೆ, ಅವನ ಜಾತಿ ಯಾವುದು, ಬಣ್ಣ ಯಾವುದು, ಅವನನ್ನು ಎಲ್ಲಿ ಕತ್ತರಿಸಿದರು ಅಂತ ಪುಸ್ತಕ ಮಾಡಿದವರನ್ನು ಕೇಳಿ. ಪುಟದಲ್ಲಿ ಜಾಗ ಸಾಲಲಿಲ್ಲ ಅಂದರೆ ಒಪ್ಪಬೇಡಿ, ಪುಟ ದೊಡ್ಡದು ಮಾಡಿ ಅನ್ನಿ. ಅವನನ್ನು ಅಚ್ಚು ಹಾಕುವವರೆಗೂ ಅವರ ಬಾಗಿಲು ಬಿಟ್ಟು ಕದಲಬೇಡಿ.