ಕಡಲು ನೆಕ್ಕಿ ನೋಡುತ್ತಿದ್ದ ಮಾದೇವಣ್ಣ

ಮಾದೇವಣ್ಣನ ನಾಲಗೆಯಷ್ಟು ಶುದ್ಧವಾದ ನಾಲಗೆಯನ್ನು ನಾನು ಕಂಡಿಲ್ಲ. ಹೊನ್ನಾವರದಲ್ಲಿ ಹಲ್ಲಿನ ದವಾಖಾನೆ ಇಟ್ಟುಕೊಂಡು ದಿನಕ್ಕೆ ಹತ್ತಾರು ಬಾಯಿ ನೋಡುವವಳು ನಾನು, ಹಾಗಾಗಿ ಈ ಮಾತನ್ನು ಅಧಿಕಾರದಿಂದಲೇ ಹೇಳುತ್ತೇನೆ. ಎಲೆಯಡಿಕೆ ಇಲ್ಲ, ತಂಬಾಕು ಇಲ್ಲ, ಚಹಾ ಕೂಡ ಪೂರ್ತಿ ಆರಿದ ಮೇಲೆಯೇ. "ನಾಲಗೆ ಸುಟ್ಕಂಡ್ರೆ ನನ್ನ ಹೊಟ್ಟೆಪಾಡು ಹೋತು ಅಮ್ಮ" ಎನ್ನುತ್ತಿದ್ದ. ಅವನ ಕಸುಬೇ ಅಂಥದ್ದು. ಕಡಲಿನ ನೀರು ತಂದು, ಭಟ್ಕಳದಿಂದ ಕುಮಟೆಯವರೆಗೆ ಉಪ್ಪುನೀರಿನ ಮೀನು ಸಾಕಿದವರ ಗಾಜಿನ ತೊಟ್ಟಿಗಳಿಗೆ ತುಂಬಿಸುವುದು. ತೊಟ್ಟಿಗೆ ಬೆರಳದ್ದಿ, ನಾಲಗೆಗೆ ಮುಟ್ಟಿಸಿ, ಒಂದು ಗಳಿಗೆ ಕಣ್ಣು ಮುಚ್ಚಿ "ಹ್ಞಾ, ಸಮ ಆತು" ಎಂದನೆಂದರೆ ಅದು ಸಮವೇ.

ನಾನು ಓದಿದವಳಲ್ಲವೇ, ನಂಬಲಿಲ್ಲ. ಉಪ್ಪು ಅಳೆಯುವ ಒಂದು ಯಂತ್ರ ತರಿಸಿದೆ. ಯಂತ್ರ ಉಪ್ಪು ಕಡಿಮೆ ಎಂದಿತು, ಮಾದೇವಣ್ಣ ಸರಿಯಾಗಿದೆ ಎಂದ. ನಾಲ್ಕು ದಿನ ಇಬ್ಬರೂ ಹಟ ಬಿಡಲಿಲ್ಲ. ಕೊನೆಗೆ ನೋಡಿದರೆ ಯಂತ್ರದ ಸೆಲ್ಲು ಮುಗಿಯುತ್ತ ಬಂದಿತ್ತು. ಮಾದೇವಣ್ಣ ಗೆದ್ದೆನೆಂದು ಬೀಗಲಿಲ್ಲ. "ಪಾಪ, ಅದಕ್ಕೆ ಹಸಿವಾಗಿತ್ತು" ಎಂದಷ್ಟೇ ಹೇಳಿ ಖಾಲಿ ಕ್ಯಾನುಗಳನ್ನು ರಿಕ್ಷಾಕ್ಕೆ ಏರಿಸಿದ.

ಅವನ ಊರು ಮಂಕಿ. ಮೂವತ್ತು ವರ್ಷ ದೋಣಿಯಲ್ಲಿ ದುಡಿದು, ಮೊಣಕಾಲು ಹಿಡಿದ ಮೇಲೆ ಹಳೆಯ ಲಗೇಜ್ ರಿಕ್ಷಾ ಕೊಂಡು ಈ ಕೆಲಸಕ್ಕೆ ಇಳಿದಿದ್ದ. ದಡದ ನೀರನ್ನು ಮುಟ್ಟುತ್ತಿರಲಿಲ್ಲ. ಪರಿಚಯದ ದೋಣಿಯವರ ಜೊತೆ ಹೋಗಿ, ಶರಾವತಿಯ ನೀರು ಬೆರೆಯದಷ್ಟು ದೂರದಲ್ಲಿ, ಮೇಲೆ ತೇಲುವ ಕಸ, ಜಿಡ್ಡು ಸರಿಸಿ ಕ್ಯಾನು ಮುಳುಗಿಸುತ್ತಿದ್ದ. ಮಳೆಗಾಲದಲ್ಲಿ ಕಡಲು ಕೆಂಪಾಗಿ ದೋಣಿಗಳು ದಡ ಏರುತ್ತವಲ್ಲ, ಅದಕ್ಕೆ ಮೊದಲೇ ಎರಡು ತಿಂಗಳಿಗಾಗುವಷ್ಟು ನೀರು ತಂದು, ಮನೆಯ ಹಿಂದಿನ ಕತ್ತಲೆ ಕೋಣೆಯಲ್ಲಿ ಡ್ರಮ್ಮುಗಳಿಗೆ ಗೋಣಿ ಮುಚ್ಚಿ ಇಡುತ್ತಿದ್ದ. ಊರವರು ಮಳೆಗಾಲಕ್ಕೆ ಒಣಮೀನು, ಕಟ್ಟಿಗೆ ಒಟ್ಟಿಡುವಂತೆ ಇವನು ಕಡಲನ್ನೇ ಒಟ್ಟಿಡುತ್ತಾನೆ ಎಂದು ನಾನು ನಗುತ್ತಿದ್ದೆ. ಬಲೆಗೆ ಸಿಕ್ಕಿ ಪೇಟೆಯಲ್ಲಿ ಕೇಳುವವರಿಲ್ಲದ ಬಣ್ಣದ ಮೀನುಗಳನ್ನು ಬದುಕಿಸಿ ತರುತ್ತಿದ್ದವನೂ ಅವನೇ.

ಉಪ್ಪುನೀರಿನ ಮೀನಿಗೆ ಒಂದು ಕೆಟ್ಟ ಗುಣವಿದೆ. ಸಂಜೆ ಕೈಗೆ ಬಂದು ತಿಂದದ್ದು ಬೆಳಿಗ್ಗೆ ಮಗ್ಗುಲಾಗಿ ತೇಲುತ್ತದೆ. ಗಾಯವಿಲ್ಲ, ಕಲೆಯಿಲ್ಲ. ಸಾಕಿದವರಿಗೆ ಕಾರಣ ಬೇಕು. ಭಟ್ಕಳದ ಒಂದು ಹೋಟೆಲಿನಲ್ಲಿ ಹೀಗೆಯೇ ಏಳರಲ್ಲಿ ಐದು ಸತ್ತಾಗ ಮಾದೇವಣ್ಣ ಹೋಗಿ ನೀರು ನೆಕ್ಕಿದ, ಸತ್ತವುಗಳ ಕಿವಿರು ಬಿಡಿಸಿ ನೋಡಿದ, ಸೊಳ್ಳೆಗೆ ಏನಾದರೂ ಹೊಡೆದಿರಾ ಎಂದು ಕೇಳಿದ. ಆಮೇಲೆ "ಗೊತ್ತಿಲ್ಲ ಸಾಹೇಬ್ರೆ" ಎಂದುಬಿಟ್ಟ. ಮಾಲೀಕ ಸಿಟ್ಟಾದನಂತೆ. ಏನಾದರೂ ಒಂದು ರೋಗದ ಹೆಸರು ಹೇಳಿ ಬಚಾವಾಗಬಾರದಿತ್ತೇ ಎಂದು ನಾನು ಕೇಳಿದೆ.

"ಸುಳ್ಳು ರೋಗ ಹೇಳಿದ್ರೆ ಅವ್ರು ಸುಳ್ಳು ಮದ್ದು ಹಾಕ್ತ್ರು ಅಮ್ಮ. ಆಗ ಉಳಿದ ಎರಡೂ ಸಾಯ್ತವೆ. ಗೊತ್ತಿಲ್ಲ ಹೇಳಿದ್ರೆ ಯಾರೂ ಸಾಯುದಿಲ್ಲ."

ನಮ್ಮ ವೈದ್ಯರಲ್ಲಿ ಗೊತ್ತಿಲ್ಲ ಎಂಬ ಮಾತು ಹೇಳುವವರನ್ನು ಹುಡುಕಬೇಕು. ನನಗಂತೂ ಅದು ಬಾಯಿಗೆ ಬಂದದ್ದು ಕಡಿಮೆ.

ನನ್ನ ತೊಟ್ಟಿ ದವಾಖಾನೆಯಲ್ಲಿ ರೋಗಿಗಳು ಕೂರುವ ಕೋಣೆಯಲ್ಲಿತ್ತು. ಡ್ರಿಲ್ಲಿನ ಸದ್ದಿಗೆ ಹೆದರಿ ಕುಳಿತವರು ಮೀನು ನೋಡಿ ಸಮಾಧಾನಗೊಳ್ಳುತ್ತಿದ್ದರು. ಬೇಸಿಗೆಯಲ್ಲಿ ನೀರು ಆರಿ ಇಳಿಯುತ್ತಿತ್ತು. "ಆರುದು ನೀರು, ಉಪ್ಪಲ್ಲ. ಅದ್ಕೆ ಬರೀ ಬಾವಿ ನೀರು ಹಾಕಿ, ಮತ್ತೆಂತದೂ ಬೇಡ" ಎಂದು ಮಾದೇವಣ್ಣ ಹೇಳಿಕೊಟ್ಟಿದ್ದ. ನಾನು ದಿನವೂ ಮೂರು ನಾಲ್ಕು ಚೊಂಬು ಹಾಕುತ್ತಿದ್ದೆ.

ಎರಡು ವರ್ಷದ ಹಿಂದೆ ಮೇ ತಿಂಗಳಲ್ಲಿ ಮೊದಲು ಕೆಂಪು ಪಟ್ಟೆಯ ಸೀಗಡಿ ಸತ್ತಿತು. ಬಳಿಕ ಗಾಜಿಗೆ ಅಂಟಿಕೊಂಡಿದ್ದ ಶಂಖದ ಹುಳಗಳು ಒಂದೊಂದಾಗಿ ಕೆಳಗೆ ಬಿದ್ದವು. ಹದಿನೈದು ದಿನದಲ್ಲಿ ಮೀನುಗಳೂ ಊಟ ಬಿಟ್ಟವು. ಮೇಲೆ ಬಂದು ಬಾಯಿ ಬಡಿಯುವುದು, ಗಿರ್ರೆಂದು ಸುತ್ತುವುದು, ಕಲ್ಲಿಗೆ ಮೈ ಉಜ್ಜುವುದು. ನಾಲ್ಕು ವರ್ಷ ನನ್ನ ಕೈಯಿಂದ ತಿಂದ ಹಳದಿ ಮೀನೊಂದು ನನ್ನ ಕಣ್ಣೆದುರಿಗೇ ಹೊರಳಿ ಬಿದ್ದಿತು. ನನಗೆ ಬಹಳ ದುಃಖವಾಯಿತು, ಆ ದುಃಖ ಸಿಟ್ಟಾಗಲು ಹೊತ್ತು ಹಿಡಿಯಲಿಲ್ಲ.

ಮಾದೇವಣ್ಣ ಬಂದು ನೆಕ್ಕಿದ. ಮತ್ತೆ ನೆಕ್ಕಿದ. "ಉಪ್ಪು ಸಮ ಇದೆ. ಆದ್ರೆ ನಾಲಗೆ ತುದಿಗೆ ಎಂತದೋ ಒಂದು ಹತ್ತತದೆ. ಹೆಸ್ರು ಗೊತ್ತಿಲ್ಲ. ನೀವು ಬೇರೆ ಎಂತಾದ್ರೂ ಹಾಕಿದ್ರಾ ಅಮ್ಮ?"

ಅವನು ನನ್ನನ್ನೇ ಕೇಳಿದನಲ್ಲ ಎಂದು ಮೈ ಉರಿಯಿತು. "ಕುಡಿಯೋ ನೀರು ಬಿಟ್ಟು ಏನೂ ಹಾಕಿಲ್ಲ. ನೀನೇ ಸೋಮಾರಿತನಕ್ಕೆ ಬಂದರಿನ ಡೀಸೆಲ್ ನೀರು ತುಂಬಿಸಿ ತಂದಿದ್ದೀಯ. ಇಷ್ಟು ಜೀವ ಕೊಂದು ಈಗ ಗೊತ್ತಿಲ್ಲ ಅಂತೀಯ!"

ಅಲ್ಲಿಯವರೆಗೆ ನನ್ನ ಅಪ್ಪನ ವಯಸ್ಸಿನ ಅವನನ್ನು "ನೀವು" ಎನ್ನುತ್ತಿದ್ದವಳು ನಾನು. ಕೋಣೆಯಲ್ಲಿ ಎಂಟು ಹತ್ತು ಜನ ಕೂತಿದ್ದರು. ಮಾದೇವಣ್ಣ ಅವರ ಕಡೆ ಒಮ್ಮೆ ನೋಡಿ, "ನಾ ನೆಕ್ಕದ ನೀರು ಯಾರ ಮನೆಗೂ ಹಾಕಿದ್ದಿಲ್ಲ" ಎಂದು ಹೊರಟುಹೋದ.

ಮರುದಿನ ಬೆಳಿಗ್ಗೆ ದವಾಖಾನೆಯ ಜಗಲಿಯಲ್ಲಿ ಅರ್ಧ ಕತ್ತರಿಸಿದ ಸಣ್ಣ ಡ್ರಮ್ಮು ಇತ್ತು. ಅದರಲ್ಲಿ ನನ್ನ ತೊಟ್ಟಿಗೆ ಹಾಕಿದ್ದರ ಜೊತೆಗೇ ಕಡಲಿನಿಂದ ತಂದಿದ್ದ ನೀರು, ಅವನ ಮನೆಯ ಮೂರು ಮೀನು, ಗುಳುಗುಳು ಗಾಳಿ ಊದುವ ಪಂಪು. ಪಕ್ಕದಲ್ಲಿ ಮಾದೇವಣ್ಣ ಕೈಕಟ್ಟಿ ನಿಂತಿದ್ದ. "ಎಂಟು ದಿನ ಇಲ್ಲೇ ಇರ್ಲಿ ಅಮ್ಮ. ಎಲ್ಲರೂ ನೋಡ್ಲಿ. ಸತ್ರೆ ನಾನೇ ಕೊಂದದ್ದು ಹೇಳಿ ಒಪ್ಕಣ್ತೆ."

ದವಾಖಾನೆ ಮೀನುಪೇಟೆಯಲ್ಲ, ತೆಗೆ ಇಲ್ಲಿಂದ ಎಂದೆ. ಅವನು ಡ್ರಮ್ಮು ಎತ್ತಿದ. ಮೊಣಕಾಲು ನೋವಿನವನು ಮೆಟ್ಟಿಲಿಳಿಯುವಾಗ ನೀರು ತುಳುಕಿ ಅವನ ಅಂಗಿಯೆಲ್ಲ ಒದ್ದೆಯಾಯಿತು. ನಾನು ಒಳಗೆ ಹೋಗಿ ಯಾರದೋ ಹಲ್ಲು ಕಿತ್ತೆ.

ಹಲ್ಲಿನ ಡಾಕ್ಟರ ಹತ್ತಿರ ಬಂದವರ ಬಾಯಿ ಹೊರಗೆ ಹೋದ ಮೇಲೂ ಮುಚ್ಚುವುದಿಲ್ಲ. ವಾರದೊಳಗೆ ಮಾತು ಒಂದು ಕಡೆ ಭಟ್ಕಳ, ಇನ್ನೊಂದು ಕಡೆ ಕುಮಟೆ ಮುಟ್ಟಿತು. ಡಾಕ್ಟರೇ ಹೇಳಿದ ಮೇಲೆ ಮುಗಿಯಿತಲ್ಲ. ಎಂದೋ ಸತ್ತಿದ್ದ ಭಟ್ಕಳದ ಮೀನುಗಳಿಗೂ ಈಗ ಕಾರಣ ಸಿಕ್ಕಿತು. ಮಳೆಗಾಲ ಹಿಡಿಯುವ ಹೊತ್ತಿಗೆ ಮಾದೇವಣ್ಣನ ನೀರು ಕೇಳುವ ಮನೆ ಒಂದೂ ಉಳಿಯಲಿಲ್ಲ. ಒಟ್ಟಿಟ್ಟ ನೀರನ್ನೆಲ್ಲ ತಾನೇ ಹೊತ್ತು ಹಿಂದಕ್ಕೆ ಕಡಲಿಗೆ ಸುರಿದನಂತೆ.

ನನಗೆ ಹೊಸ ಮನುಷ್ಯ ಸಿಕ್ಕಿದ. ಪೊಟ್ಟಣದ ಉಪ್ಪು ಕದಡಿ ನೀರು ಮಾಡುವವನು, ಗೊತ್ತಿಲ್ಲ ಎನ್ನುವ ಮಾತೇ ಇಲ್ಲ. ಅವನು ತಂದ ಮೀನೂ ಸತ್ತಾಗ ಬ್ಯಾಕ್ಟೀರಿಯಾ ಎಂದ. ಮತ್ತೆ ಸತ್ತಾಗ ಫಂಗಸ್ ಎಂದು ಒಂದು ಬಾಟಲಿ ಕೊಟ್ಟ. ಹಾಕುವ ಮೊದಲು ಅದರ ಮೇಲಿನ ಸಣ್ಣಕ್ಷರ ಓದಿದೆ. ಇದರಲ್ಲಿ ತಾಮ್ರವಿದೆ, ಸೀಗಡಿ ಶಂಖಗಳಿದ್ದರೆ ಹಾಕಬೇಡಿ, ಅವು ಮೊದಲು ಸಾಯುತ್ತವೆ, ಅಳತೆ ಮೀರಿದರೆ ಮೀನೂ ಸಾಯುತ್ತದೆ ಎಂದಿತ್ತು.

ನಾನು ತಲೆ ಎತ್ತಿದರೆ ಎದುರಿಗೆ ತಾಮ್ರದ ಕೊಡ. ತವರುಮನೆಯದು. ತಾಮ್ರದಲ್ಲಿ ತಂಗಿದ ನೀರು ಆರೋಗ್ಯಕ್ಕೆ ಒಳ್ಳೆಯದೆಂದು ಆ ಬೇಸಿಗೆಗೆ ಮೊದಲು ತಂದು, ವಾರಕ್ಕೊಮ್ಮೆ ಹುಣಸೆಹುಳಿ ಹಾಕಿ ಫಳಫಳ ತಿಕ್ಕಿಸಿ, ರೋಗಿಗಳಿಗೆ ಕುಡಿಯಲು ಇಟ್ಟಿದ್ದೆ. ಬರೀ ಬಾವಿ ನೀರೇಕೆ, ಮೀನಿಗೂ ಒಳ್ಳೆಯ ನೀರೇ ಸಿಗಲಿ ಎಂದು ದಿನವೂ ಅದರಿಂದಲೇ ಚೊಂಬು ಮುಳುಗಿಸಿ ತೊಟ್ಟಿಗೆ ಸುರಿಯುತ್ತಿದ್ದವಳು ನಾನು. ನೀರು ಆರುತ್ತಿತ್ತು, ತಾಮ್ರ ಉಳಿಯುತ್ತಿತ್ತು. ತೊಟ್ಟಿಯ ನೀರು ಪರೀಕ್ಷೆ ಮಾಡಿಸಿದೆ. ಸಂಶಯಕ್ಕೆ ಎಡೆಯೇ ಇರಲಿಲ್ಲ.

ಮಂಕಿಗೆ ಹೋದೆ. ಮಾದೇವಣ್ಣ ಕಡಲಕರೆಯಲ್ಲಿ ಬೇರೆಯವರ ಹರಿದ ಬಲೆ ಕಟ್ಟುತ್ತ ಕೂತಿದ್ದ. ಎಲ್ಲ ಹೇಳಿ, ತಪ್ಪಾಯಿತು ಎಂದೆ. ಅವನು ಕೇಳಿದ ಮೊದಲ ಮಾತು, "ಹಾಂಗಾದ್ರೆ ನಾಲಗೆಗೆ ಹತ್ತಿದ್ದು ತಾಮ್ರವಾ?" ಅದು ಗೊತ್ತಾದದ್ದಕ್ಕೆ ಅವನಿಗೆ ನಿಜವಾಗಿಯೂ ಖುಷಿಯಾಗಿತ್ತು. ಆಮೇಲೆ ಕೈಯ ಕೆಲಸ ನಿಲ್ಲಿಸದೆಯೇ ಹೇಳಿದ:

"ನನ್ನತ್ರ ಹೇಳಿ ಎಂತ ಮಾಡುದು ಅಮ್ಮ? ನೀರು ಸಮ ಇತ್ತು ಹೇಳಿ ನಂಗೆ ಮೊದ್ಲೇ ಗೊತ್ತಿತ್ತು. ನೀವು ಆ ದಿನ ಜನರ ಎದುರಿಗೆ ಹೇಳಿದ್ರಿ. ಇದ್ನೂ ಜನರ ಎದುರಿಗೇ ಹೇಳಿ."

ಖಂಡಿತ ಹೇಳುತ್ತೇನೆ ಎಂದು ಮಾತು ಕೊಟ್ಟು ಬಂದೆ. ಹೇಳಲಿಲ್ಲ. ಪ್ರತಿದಿನ ಬೆಳಿಗ್ಗೆ ಬಾಗಿಲು ತೆರೆದರೆ ಕೋಣೆ ತುಂಬ ಜನ ಇರುತ್ತಿದ್ದರು. ಬಾಯಿ ತೆರೆಯುತ್ತಿದ್ದೆ, ಮುಂದಿನವರು ಬನ್ನಿ ಎನ್ನುತ್ತಿದ್ದೆ. ಡಾಕ್ಟರು ಇಂಥ ದಡ್ಡ ತಪ್ಪು ಮಾಡುತ್ತಾರೆಂದರೆ ಹಲ್ಲು ಕೊಟ್ಟು ಕೂರುವವರು ಯಾರು ಎಂಬ ಹೆದರಿಕೆ. ಈ ಸೋಮವಾರ ಬೇಡ, ಮುಂದಿನ ಸೋಮವಾರ ಎನ್ನುತ್ತ ಏಳು ವಾರ ಕಳೆದೆ. ಎಂಟನೆಯ ವಾರ ಮಾದೇವಣ್ಣ ಬಲೆ ಕಟ್ಟುತ್ತಲೇ ಎದೆ ಹಿಡಿದುಕೊಂಡು ಬಿದ್ದ. ಆಸ್ಪತ್ರೆ ಮುಟ್ಟಲಿಲ್ಲ.

ಸುದ್ದಿ ತಿಳಿದು ಹೋದಾಗ ಅಂಗಳದಲ್ಲಿ ಜನ ಸೇರಿದ್ದರು. ನನ್ನ ಗುರುತಿಲ್ಲದ ಒಬ್ಬ ಹಿರಿಯರು ಕುರ್ಚಿ ಸರಿಸಿ ಕೂರಿಸಿ, ಹೆಣ ಎತ್ತುವವರೆಗೆ ಮಾತಾಡಬೇಕಲ್ಲ ಎಂಬಂತೆ ಹೇಳತೊಡಗಿದರು. "ಜನ ಒಳ್ಳೆಯವನೇ. ಕಡೆಗೆ ಎಂತಕ್ಕೋ ಹೆಸ್ರು ಕೆಡಿಸ್ಕಂಡ. ಹೊನ್ನಾವರದ ಡಾಕ್ಟ್ರಮ್ಮನ ಮನೆಗೆ ಹೊಲಸು ನೀರು ಹಾಕಿ ಮೀನೆಲ್ಲ ಕೊಂದ ಅಲ್ದಾ?"

ನಾನು ಎದ್ದು ನಿಂತೆ. ಎಲ್ಲರಿಗೂ ಕೇಳುವಂತೆಯೇ ಹೇಳಿದೆ, ಆ ಡಾಕ್ಟರು ನಾನೇ, ಅವನ ನೀರು ಸರಿಯಾಗಿತ್ತು, ನಾನೇ ತಾಮ್ರದ ಕೊಡದ ನೀರು ಹಾಕಿ ಕೊಂದೆ, ತಪ್ಪು ಅವನ ಮೇಲೆ ಹೊರಿಸಿದೆ ಎಂದು.

ಹಿರಿಯರು ಕಣ್ಣೊರೆಸಿಕೊಂಡು ನನಗೆ ಕೈಮುಗಿದರು.

"ಸತ್ತವನ ಮರ್ಯಾದೆ ಉಳಿಸುಕೆ ತಪ್ಪು ನಿಮ್ಮ ಮೈಮೇಲೆ ಹಾಕ್ಕಂತ್ರಿ. ಎಷ್ಟು ದೊಡ್ಡ ಮನಸ್ಸು ಅಮ್ಮ ನಿಮ್ದು!"